ಮೇಜರ್ ಪಾದ ಕೊಟ್ಟ ಪ್ರಸಂಗ

“ಸಾವಿರ ವರ್ಷದ ಕಾಡನ್ನ ನಾನೀಗ ಎಲ್ಲಿಂದ ತರ್ಲಪ್ಪಾ?”

ಹುಣಸೂರು ಬಜಾರಿನ ತಮ್ಮ ಪಾತ್ರೆ ಅಂಗಡಿಯ ನಟ್ಟನಡುವೆ ನಿಂತು ವೀರಭದ್ರಸ್ವಾಮಿ ಈ ಮಾತನ್ನು ಗಟ್ಟಿಯಾಗಿಯೇ ಕೇಳಿದರು. ಗಿರಾಕಿ ಯಾರೂ ಇರಲಿಲ್ಲ. ಸ್ಟೀಲ್ ಬೋಗುಣಿಗಳು ಉತ್ತರ ಕೊಡಲಿಲ್ಲ. ಹಿತ್ತಾಳೆ ಚೊಂಬುಗಳು ತಮಗೇಕೆ ಊರ ಉಸಾಬರಿ ಎಂದು ಸುಮ್ಮನಿದ್ದವು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ನಾಲ್ಕೂ ಕಾಲು ಚಾಚಿ ಮಲಗಿದ್ದ ಕರಿಯ ಲ್ಯಾಬ್ರಡಾರ್ ನಾಯಿ ಮಾತ್ರ ಒಂದು ಕಣ್ಣು ತೆರೆದು ನೋಡಿ, ಇದು ತನ್ನ ಗಮನಕ್ಕೆ ತಕ್ಕ ವಿಷಯವಲ್ಲವೆಂದು ಮತ್ತೆ ಮುಚ್ಚಿಕೊಂಡಿತು.

ವಿಷಯವಿದ್ದದ್ದೇ ಆ ನಾಯಿಯದು. ಅದು ಬೀಗರ ನಾಯಿ. ವೀರಭದ್ರಸ್ವಾಮಿ ತಮ್ಮ ಒಬ್ಬಳೇ ಮಗಳು ಚೈತ್ರಳನ್ನು ಕೆ.ಆರ್. ನಗರಕ್ಕೆ ಕೊಟ್ಟಿದ್ದರು. ಆ ಮನೆಯನ್ನು ಆಳುವವರು ಬೀಗಿತ್ತಿ ಸುಂದ್ರಮ್ಮ. ಸುಂದ್ರಮ್ಮನನ್ನು ಆಳುವುದು ಈ ನಾಯಿ. ಹೆಸರು ಮೇಜರ್. ಆ ಮನೆಯಲ್ಲಿ ಅದನ್ನು ಏಕವಚನದಲ್ಲಿ ಕರೆದು ಉಳಿದವರಿಲ್ಲ. ‘ಮೇಜರ್ ಎದ್ದರು’, ‘ಮೇಜರ್ ಮೊಸರನ್ನ ಮುಗಿಸಿದರು’, ‘ಮೇಜರ್ ಇವತ್ಯಾಕೋ ಮಂಕಾಗಿದ್ದಾರೆ’ ಎಂದೇ ಮಾತು.

ವೀರಭದ್ರಸ್ವಾಮಿಗೆ ಅದೇ ಮನೆಯಲ್ಲಿ ಅಷ್ಟು ಭಾಗ್ಯವಿರಲಿಲ್ಲ. ಮಗಳ ಮದುವೆಯಲ್ಲಿ ಅವರು ಅಡಿಗೆಯವರನ್ನು ಬೇರೆ ಛತ್ರಕ್ಕೆ ಕಳಿಸಿದ್ದರು. ಯಾರದೋ ನಾಮಕರಣದವರು ಬೀಗರ ಊಟವನ್ನು ಉಂಡು ಹರಸಿ ಹೋಗಿದ್ದರು. ಬೀಗರ ಗೃಹಪ್ರವೇಶಕ್ಕೆ ಬೆಳ್ಳಿತಟ್ಟೆ, ಹಣ್ಣು, ಹೂವು ಹೊತ್ತು ಹೋಗಿ ಪಕ್ಕದ ಮನೆಯವರಿಗೆ ಒಪ್ಪಿಸಿ, ಅವರ ಕೈಲಿ ಕಾಫಿ ಕುಡಿದು, ಮನೆ ಬಹಳ ಚೆನ್ನಾಗಿ ಕಟ್ಟಿಸಿದ್ದೀರಿ ಎಂದು ಹೊಗಳಿ ಬಂದಿದ್ದರು. ಅಲ್ಲಿಂದಾಚೆಗೆ ಸುಂದ್ರಮ್ಮ ನೆಂಟರ ಮುಂದೆ “ನಮ್ಮ ಬೀಗರು ಒಳ್ಳೇವ್ರು, ಪಾಪ” ಅನ್ನುತ್ತಿದ್ದರು. ಒಳ್ಳೆಯವರು ಅನ್ನುವಾಗ ದನಿ ಸಣ್ಣಗಿರುತ್ತಿತ್ತು. ಪಾಪ ಅನ್ನುವಾಗ ಓಣಿಯ ಕೊನೆಯವರೆಗೂ ಕೇಳುತ್ತಿತ್ತು.

ಈಗ ಸುಂದ್ರಮ್ಮ ಸಂಸಾರ ಸಮೇತ ಶ್ರೀಶೈಲಕ್ಕೆ ಹೊರಟಾಗ, ಮೇಜರ್ ಎಲ್ಲಿರುವುದು ಎಂಬ ಪ್ರಶ್ನೆ ಎದ್ದಿತ್ತು. ಯಾರೂ ಕೇಳದಿದ್ದರೂ ವೀರಭದ್ರಸ್ವಾಮಿ ಎದೆ ತಟ್ಟಿಕೊಂಡಿದ್ದರು. “ನಮ್ಮನೇಲಿ ಇರ್ಲಿ ಬಿಡಿ ಬೀಗ್ರೇ.”

“ಮೇಜರ್ ಟಾರ್ ರೋಡಲ್ಲಿ ಕಾಲಿಡಲ್ಲ ಬೀಗ್ರೇ. ಇಲ್ಲಿ ನಾಲೆ ಏರಿ ಮೇಲೆ ಹಳೇ ಮರದ ನೆರಳಲ್ಲೇ ಅವರ ವಾಕಿಂಗು. ನಿಮ್ಮೂರಲ್ಲಿ ಅಂಥದ್ದು ಏನಿದೆ?” ಎಂದಿದ್ದರು ಸುಂದ್ರಮ್ಮ.

ಅಲ್ಲಿ ವೀರಭದ್ರಸ್ವಾಮಿಯ ನಾಲಿಗೆ ಜಾರಿತು. “ಏನಿದೆ ಅಂತೀರಾ! ಸಾವಿರ ವರ್ಷದ ಕಾಡಿದೆ ಬೀಗ್ರೇ, ಸೂರ್ಯ ನೆಲ ನೋಡಿಲ್ಲ! ದಿನಾ ಬೆಳಿಗ್ಗೆ ನನ್ನ ವಾಕಿಂಗು ಅಲ್ಲೇ!”

ನಿಜವಾಗಿ ಅವರ ವಾಕಿಂಗು ಮನೆಯಿಂದ ಅಂಗಡಿಗೆ. ನಡುವೆ ಹೋಟೆಲಿನಲ್ಲಿ ಒಂದು ನಿಲುಗಡೆ.

ಆವತ್ತಿನಿಂದ ಸುಂದ್ರಮ್ಮ ದಿನವೂ ಫೋನು ಮಾಡಿ ಕಾಡಿನಲ್ಲಿ ಮೇಜರ್ ನಡೆಯುವ ಫೋಟೋ ಕೇಳುತ್ತಿದ್ದರು. ಇವರು ದಿನವೂ ಮಳೆ, ಮೋಡ, ನೆಟ್‌ವರ್ಕು ಎಂದು ತಳ್ಳುತ್ತಿದ್ದರು. ಈವತ್ತು ಬೆಳಿಗ್ಗೆ ಬಂದ ಫೋನು ಮಾತ್ರ ತಳ್ಳಿಸಿಕೊಳ್ಳುವಂಥದ್ದಾಗಿರಲಿಲ್ಲ. ಮಾತಾಡಿದವಳು ಚೈತ್ರ.

“ಅಪ್ಪ, ಸಂಜೆ ನಾವು ನೇರ ಹುಣಸೂರಿಗೇ ಬರ್ತಿದೀವಿ, ಮೇಜರ್‌ನ ಕರ್ಕೊಂಡು ಹೋಗೋಕೆ. ಅತ್ತೆ ಆಗ್ಲೇ ಕಾರಲ್ಲಿ ಎಲ್ಲರ ಮುಂದೆ, ‘ಕಾಡೂ ಇಲ್ಲ ಏನೂ ಇಲ್ಲ, ಅಂಗಡೀಲಿ ಕಟ್ಟಿಹಾಕಿರ್ತಾರೆ’ ಅಂತಿದಾರೆ. ಅಪ್ಪ, ನಿನ್ನ ಹೆಸರೆತ್ತಿದ್ರೆ ಈ ಮನೇಲಿ ನಗ್ತಾರೆ ಕಣಪ್ಪ. ನಾನೂ ಅವರ ಜೊತೆ ನಗಬೇಕು. ಇದೊಂದು ಸಲ, ಒಂದೇ ಒಂದು ಸಲ, ಹೇಳಿದ್ದನ್ನ ಸರಿಯಾಗಿ ಮಾಡಿಬಿಡು.”

ಪಾತ್ರೆಗಳ ಮುಂದೆ ಅವರು ಕಾಡನ್ನು ಕೇಳಿದ್ದು ಈ ಕಾರಣದಿಂದ. ಮನೆಯಿಂದ ಆಗಷ್ಟೇ ಬಂದ ಹೆಂಡತಿ ಶಿವನಂಜಮ್ಮ ಮಾತ್ರ ಉತ್ತರ ಕೊಟ್ಟರು. “ಬಾಯಿ ಸುಮ್ನಿದ್ದಿದ್ರೆ ಆಗ್ತಿತ್ತು. ಈಗ ಹೋಗಿ, ತನ್ನಿ ಕಾಡ್ನ.”

ವೀರಭದ್ರಸ್ವಾಮಿ ಹೊರಟರು. ವಾಕಿಂಗ್ ಎಂದ ಮೇಲೆ ಪಂಚೆ ಸಲ್ಲದು ಎಂದು ಮನೆಗೆ ಹೋಗಿ ಬೀರುವಿನ ತಳದಿಂದ ಒಂದು ಪ್ಯಾಂಟು ತೆಗೆದರು. ಸಕ್ಕರೆ ಕಾಯಿಲೆ ಬಂದ ಮೇಲೆ ಅವರ ಸೊಂಟ ಇಳಿದಿತ್ತು, ಪ್ಯಾಂಟು ಇಳಿದಿರಲಿಲ್ಲ. ಎರಡನ್ನೂ ರಾಜಿ ಮಾಡಿಸಿ ನಿಲ್ಲಿಸಿದ್ದು ಒಂದು ಚರ್ಮದ ಬೆಲ್ಟು. ಬೆಲ್ಟಿಗೆ ಚರ್ಮದ ಚೀಲದಲ್ಲಿ ಫೋನು ಸಿಕ್ಕಿಸಿಕೊಂಡು, ಮೇಜರನ್ನು ಸ್ಕೂಟರಿನ ಮುಂದೆ ಕಾಲಿಡುವ ಜಾಗದಲ್ಲಿ ನಿಲ್ಲಿಸಿದರು. ನಾಯಿ ಹ್ಯಾಂಡಲಿನ ನಡುವೆ ತಲೆ ಇಟ್ಟು ಕಿವಿ ಹಾರಿಸುತ್ತ ನಿಂತಿತು. ಬಜಾರಿನವರಿಗೆ ಸ್ಕೂಟರು ಓಡಿಸುತ್ತಿರುವುದು ನಾಯಿಯೇ, ಹಿಂದೆ ಕೂತವರು ಯಾರೋ ಡ್ರಾಪ್ ಕೇಳಿದವರು ಎಂಬಂತೆ ಕಂಡಿತು.

“ಏನ್ ಸ್ವಾಮಿಗಳೇ, ಎಮ್ಮೆಕರ ಎಲ್ಲಿಗೆ?” ಎಂದ ಬಾಳೆಹಣ್ಣಿನ ಗಾಡಿಯವನು.

“ವಾಕಿಂಗು!” ಎಂದರು ವೀರಭದ್ರಸ್ವಾಮಿ, ಗಾಂಭೀರ್ಯದಿಂದ.

“ವಾಕಿಂಗ್‌ಗೆ ಸ್ಕೂಟರಾ?”

ಲೋಕದ ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಕೂತರೆ ಯಾತ್ರೆ ಮುಗಿಯುವುದಿಲ್ಲವೆಂದು ಅವರು ಕಾಡಿನ ಕಡೆ ತಿರುಗಿದರು. ಕಾಡು ಎಂದರೆ ಅವರಿಗೆ ಗೊತ್ತಿದ್ದದ್ದು ಒಂದೇ. ಹುಲಿ ಆನೆ ಇರುವ ದೊಡ್ಡ ಕಾಡು. ಅದರ ಗೇಟಿನ ಬಳಿ ವಾಚರ್ ದೇವಯ್ಯ ಸ್ಟೂಲಿನ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದ. ಸ್ಕೂಟರು ಕಂಡು ಎದ್ದ. ನಾಯಿ ಕಂಡು ಮಂಡಕ್ಕಿ ಪೊಟ್ಟಣ ಬೆನ್ನ ಹಿಂದೆ ಅಡಗಿಸಿದ.

“ಒಂದು ಸುತ್ತು ಒಳಗೆ ನಡೆಸಿಕೊಂಡು ಬರ್ತೀನಿ. ಒಂದು ಫೋಟೋ, ಅಷ್ಟೇ” ಎಂದರು ಇವರು.

“ನಾಯಿನಾ? ಒಳೀಕಾ?” ದೇವಯ್ಯ ಇವರನ್ನು ಕಾಲಿಂದ ತಲೆಯವರೆಗೂ ನೋಡಿದ. “ಸಾ, ಉಲಿಗೆ ಪಾರ್ಸಲ್ ತಂದಿದ್ದೀರಾ? ನಾಯಿ ಅಂದ್ರೆ ಚಿರತೆ ಜೀವ ಬುಡ್ತದೆ. ಅದೂ ಇಂಥಾ ನಾಯಿ! ತುಪ್ಪ ಆಕಿ ಬೆಳೆಸಿರೋದು!”

“ಹಗ್ಗ ಹಿಡಿದಿರ್ತೀನಪ್ಪ.”

“ಅಗ್ಗದ ಈ ಕೊನೇಲಿ ನೀವಿರ್ತೀರಲ್ಲ ಸಾ. ಅದು ಊಟ ಆದ್ಮೇಲೆ ಬಾಳೆಅಣ್ಣು ಇದ್ದಂಗಾಯ್ತದೆ.” ದೇವಯ್ಯ ಗೇಟಿಗೆ ಅಡ್ಡ ನಿಂತ. “ನಾಯೀನ ಒಳೀಕೆ ಬುಡಂಗಿಲ್ಲ, ಕಾನೂನದೆ. ನಿಮ್ಗೆ ಅಳೇ ಮರ ತಾನೇ ಬೇಕು? ಪಿರಿಯಾಪಟ್ಟಣದ ಕಡೀಕ್ ಓಗಿ, ರಾವಂದೂರ್ಗೂ ಮುಂಚೆ ಮರಿಬೈರನಕೊಪ್ಪಲು ಅಂತ ಸಿಕ್ತದೆ. ಅಲ್ಲಿ ಬೈರಪ್ಪನ ಕಾಡದೆ. ದೇವರ ಕಾಡು. ನಮ್ ತಾತನ ತಾತನ ಕಾಲದಿಂದ ಒಬ್ಬ ಒಂದು ಕಡ್ಡಿ ಮುರಿದಿಲ್ಲ. ಉಲಿನೂ ಇಲ್ಲ, ನಾನೂ ಇಲ್ಲ.”

ಹುಲಿಯೂ ದೇವಯ್ಯನೂ ಇಲ್ಲದ ಕಾಡು ಎಂದರೆ ಇನ್ನೇನು ಬೇಕು! ವೀರಭದ್ರಸ್ವಾಮಿ ಸ್ಕೂಟರು ತಿರುಗಿಸಿದರು.

ಬೈರಪ್ಪನ ಕಾಡು ದೂರದಿಂದ ನೋಡಿದರೆ ಹೊಗೆಸೊಪ್ಪಿನ ಹೊಲಗಳ ನಡುವೆ ಯಾರೋ ಮರೆತು ಬಿಟ್ಟುಹೋದ ಕತ್ತಲೆಯ ತುಂಡಿನಂತಿತ್ತು. ಒಳಕ್ಕೆ ಹೋಗುವ ಕಾಲುದಾರಿಯ ಬಾಯಿಗೆ ಒಂದು ಎಲ್ಲೆಕಲ್ಲು. ಕಲ್ಲಿಗೆ ಒರಗಿ ಚಿಕ್ಕಬೀರಮ್ಮ ಎಂಬ ಮುದುಕಿ ಕೂತಿದ್ದಳು. ಮುಂದೆ ಚಪ್ಪಲಿಗಳ ರಾಶಿ.

“ನಾಯಿ ಒಳಗೆ ಹೋಗಬಹುದಾ ಅಜ್ಜಿ?”

“ನಾಯಿ ಬೈರಪ್ಪನ ವಾಹ್ನ ಕಣಪ್ಪ. ಅವನ ಮನೇಗೆ ಅವನ ವಾಹ್ನ ಓಗದೆ ಇನ್ನೇನು ನಿನ್ನ ಸ್ಕೂಟ್ರು ಓಯ್ತದಾ? ಆದ್ರೆ ಚರ್ಮದ್ದು ಒಂದೂ ಒಳೀಕ್ ಓಗಂಗಿಲ್ಲ. ಬುಡಿ ಇಲ್ಲಿ.”

ವೀರಭದ್ರಸ್ವಾಮಿ ಚಪ್ಪಲಿ ಬಿಟ್ಟರು.

“ಸೊಂಟದ್ದು?”

“ಅಜ್ಜಿ, ಇದು ಬೆಲ್ಟು.”

“ದನದ ಚರ್ಮ ತಾನೆ?”

ದೈವಭೀರು ಮನುಷ್ಯ. ಬೆಲ್ಟು ಬಿಚ್ಚಿದರು. ಪ್ಯಾಂಟು ತಕ್ಷಣ ತನ್ನ ಸ್ವಾತಂತ್ರ್ಯ ಘೋಷಿಸಿತು; ಅವರು ಎಡಗೈಯಲ್ಲಿ ಅದನ್ನು ಹಿಡಿದುಕೊಂಡರು. ಬೆಲ್ಟಿನ ಜೊತೆಗೆ ಫೋನಿನ ಚೀಲ, ಫೋನು, ಹಿಂದಿನ ಜೇಬಿನ ಪರ್ಸು ಎಲ್ಲವೂ ಕಲ್ಲಿನ ಬುಡ ಸೇರಿದವು. ಮುದುಕಿಯ ಕಣ್ಣು ಈಗ ಮೇಜರ್ ಮೇಲೆ ಬಿತ್ತು. ಸುಂದ್ರಮ್ಮ ಮೈಸೂರಿಂದ ತರಿಸಿ, ಹಿತ್ತಾಳೆ ಬಿಲ್ಲೆಯಲ್ಲಿ ಹೆಸರು ಕೆತ್ತಿಸಿದ್ದ ಚರ್ಮದ ಕೊರಳಪಟ್ಟಿ; ಅದಕ್ಕೆ ಚರ್ಮದ್ದೇ ಹಗ್ಗ.

“ಅದೂವೆ.”

“ಅಜ್ಜಿ, ಅದು ಬಿಚ್ಚಿದ್ರೆ ನಾಯಿ ಓಡಿಹೋಗುತ್ತೆ.”

“ಬೈರಪ್ಪನ ಕಾಡಲ್ಲಿ ಯಾವುದೂ ಕಳೆದೋಗಲ್ಲ.”

ವೀರಭದ್ರಸ್ವಾಮಿಗೆ ಒಂದು ತರ್ಕ ಹೊಳೆಯಿತು. “ಹಾಗಾದ್ರೆ ನಾಯಿ ಮೈಮೇಲಿರೋದೂ ಚರ್ಮ ತಾನೆ?”

“ಅದು ಜೀವ ಇರೋ ಚರ್ಮ. ನಿಂದೂ ಅಂಗೇಯ. ಇಬ್ರೂ ಓಗ್ಬೌದು” ಎಂದಳು ಚಿಕ್ಕಬೀರಮ್ಮ. ವಾದ ಮುಗಿಯಿತು.

ಒಳಗೆ ಹೋದವರು ಹತ್ತು ಮಾರು ನಡೆದು ನಿಂತುಬಿಟ್ಟರು. ಗೋಣಿಮರಗಳು ಗುಡಿಯ ಕಂಬಗಳಂತೆ ಎದ್ದಿದ್ದವು. ತೊಡೆಗಾತ್ರದ ಬಳ್ಳಿಗಳು ಒಂದು ಮರದ ಮಾತನ್ನು ಇನ್ನೊಂದಕ್ಕೆ ತಲುಪಿಸುವಂತೆ ಹಬ್ಬಿದ್ದವು. ನೇರಳೆಮರದ ಎಲೆಗಳ ಸಂದಿಯಿಂದ ಬಿಸಿಲು ಅಕ್ಷತೆಯ ಹಾಗೆ ಅಲ್ಲೊಂದು ಇಲ್ಲೊಂದು ಉದುರುತ್ತಿತ್ತು. ತಾನು ಹೇಳಿದ ಸುಳ್ಳು ಅಕ್ಷರಶಃ ಕಣ್ಣ ಮುಂದೆ ನಿಂತಿರುವುದನ್ನು ಕಂಡು ಅವರಿಗೆ ರೋಮಾಂಚನವಾಯಿತು. ಮೇಜರ್ ರಾಜಗಾಂಭೀರ್ಯದಿಂದ ಕಾಲುದಾರಿಯಲ್ಲಿ ಮುಂದೆ ನಡೆಯುತ್ತಿತ್ತು. ಸುಂದ್ರಮ್ಮ ನೋಡಬೇಕಿತ್ತು! ಫೋಟೋ ತೆಗೆಯಲು ಅವರ ಬಲಗೈ ಸೊಂಟಕ್ಕೆ ಹೋಯಿತು. ಸೊಂಟದಲ್ಲಿ ಫೋನಿರಲಿಲ್ಲ, ಬೆಲ್ಟೂ ಇರಲಿಲ್ಲ. ಅವರ ಎಡಗೈ ಮಾತ್ರ ಇತ್ತು.

ಹಿಂದಿರುಗಿ ಫೋನು ತರೋಣವೇ ಎಂದು ಅವರು ಯೋಚಿಸುತ್ತಿರುವಾಗ ಮೇಜರ್ ಮೂಗು ಮೇಲೆತ್ತಿತು. ಕಾಡಿನ ಆಚೆ ತುದಿಯಿಂದ ಬೆಲ್ಲ, ತುಪ್ಪ, ಹುರಿದ ಹಿಟ್ಟಿನ ಪರಿಮಳ ತೇಲಿ ಬರುತ್ತಿತ್ತು. ಯಾರೋ ಎಲ್ಲೋ ತಂಬಿಟ್ಟು ಕಟ್ಟುತ್ತಿದ್ದರು. ಕೊರಳಪಟ್ಟಿ ಇಲ್ಲದ ಮೇಜರ್ ಬಿಲ್ಲಿಂದ ಬಿಟ್ಟ ಬಾಣವಾಯಿತು.

“ಮೇಜರ್! ನಿಲ್ಲಿ! ನಿಲ್ಲೀಂದ್ರೆ!” ವೀರಭದ್ರಸ್ವಾಮಿ ಬರಿಗಾಲಲ್ಲಿ, ಎಡಗೈಯಲ್ಲಿ ಮಾನವನ್ನೂ ಬಲಗೈಯಲ್ಲಿ ಗಾಳಿಯನ್ನೂ ಹಿಡಿದು ಓಡಿದರು.

ಆಚೆ ತುದಿಯಲ್ಲಿ ಬೈರಪ್ಪನ ಗುಡಿ. ಗುಡಿಯ ಮುಂದಿನ ಬಯಲಲ್ಲಿ ಆವತ್ತು ಕೊಪ್ಪಲಿಗೆ ಕೊಪ್ಪಲೇ ನೆರೆದಿತ್ತು. ಆ ದೇವರಿಗೆ ಒಬ್ಬ ಗುಡ್ಡಪ್ಪ ಇರಬೇಕು. ಪೂಜೆ, ದೀಪ, ಕಾಡಿನ ಕಾವಲು ಎಲ್ಲ ಅವನದು. ಅವನನ್ನು ಆರಿಸುವುದು ಮನುಷ್ಯರ ಕೆಲಸವಲ್ಲ. ದೇವರಿಗೆ ಬಿಟ್ಟ ಬಸವ ಯಾರ ಅಂಗೈ ಮೇಲೆ ಪಾದ ಇಡುತ್ತದೋ ಅವನೇ ಗುಡ್ಡಪ್ಪ. ಹಿಂದಿನ ಗುಡ್ಡಪ್ಪ ಮಂಡಿನೋವೆಂದು ಮಗಳ ಮನೆ ಸೇರಿದ್ದ. ಹೊಸಬನನ್ನು ಆರಿಸುವ ಮೊದಲೇ ಬಸವ ಶಿವನ ಪಾದ ಸೇರಿತ್ತು. ಊರಿನ ಯಜಮಾನ ನಂಜಯ್ಯ ಈಗತಾನೇ ಗಂಟೆ ಬಾರಿಸಿ ಕೈ ಮುಗಿದು ಕೇಳಿಕೊಂಡಿದ್ದ:

“ಅಪ್ಪಾ, ಬಸವನ್ನ ನೀನೇ ಕರೆಸ್ಕೊಂಡೆ. ಈಗ ನಿನ್ನ ಕಡೆಯೋರು ಯಾರಾದ್ರೂ ಸರಿ, ನಿನ್ನ ಕಾಡೊಳಗಿಂದ ಕಳ್ಸು. ಪಾದ ಕೊಡ್ಸು.”

ಗುಡಿಯ ಮುಂದೆ ಊರಿನ ಗಂಡಸರು ಸಾಲಾಗಿ ಕೂತಿದ್ದರು. ಭಕ್ತಿಗೆ ಏನೂ ಕಡಿಮೆ ಇರಲಿಲ್ಲ. ಆದರೆ ಒಬ್ಬೊಬ್ಬನೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ನಂಜಯ್ಯನ ತಮ್ಮನ ಮಗ ನಟರಾಜು ಎರಡೂ ಕೈಗಳನ್ನು ಬನಿಯನ್ ಒಳಗೆ ಸೇರಿಸಿಬಿಟ್ಟಿದ್ದ. ಗುಡ್ಡಪ್ಪನಾದವನು ಬರಿಗಾಲಲ್ಲಿರಬೇಕು, ಒಪ್ಪೊತ್ತು ಉಣ್ಣಬೇಕು, ಹೋಟೆಲಿಗೆ ಹೋಗುವಂತಿಲ್ಲ, ವರ್ಷದ ಪರ, ಎಂದರೆ ದೇವರ ಹಬ್ಬ, ಮುಗಿಯುವವರೆಗೆ ಎಲ್ಲೆಕಲ್ಲು ದಾಟುವಂತಿಲ್ಲ. ಹೊಗೆಸೊಪ್ಪು ಬೇಯಿಸುವ ಕಾಲ ಬೇರೆ. ಸೊಪ್ಪನ್ನು ಹದ ಮಾಡುವ ಎಲ್ಲರ ಬ್ಯಾರನ್ನು ಗೂಡುಗಳಲ್ಲೂ ಬೆಂಕಿ ಉರಿಯುತ್ತಿತ್ತು.

ಈ ಗಳಿಗೆಯಲ್ಲಿ ದೇವರ ದಾರಿಯಿಂದ, ಗಂಟೆಯ ನಾದ ಇನ್ನೂ ಕಿವಿಯಲ್ಲಿರುವಾಗಲೇ, ಕಪ್ಪಗೆ ಮಿರಿಮಿರಿ ಮಿಂಚುತ್ತ, ಕೊರಳಲ್ಲಿ ಒಂದು ದಾರವೂ ಇಲ್ಲದೆ ಮೇಜರ್ ಅವತರಿಸಿತು.

“ಬೈರಪ್ಪಾ!” ಎಂದು ಹೆಂಗಸರು ಅಡ್ಡಬಿದ್ದರು. ಗಂಡಸರೂ ಅಡ್ಡಬಿದ್ದರು, ಕೈ ಬೆನ್ನಿನ ಮೇಲೇ ಇಟ್ಟುಕೊಂಡು. ಮೇಜರ್ ಎಡೆಯ ತಂಬಿಟ್ಟನ್ನು ಸ್ವೀಕರಿಸಿತು. ಒಂದೂ ಉಳಿಸದೆ ಸ್ವೀಕರಿಸಿತು. ಆಮೇಲೆ ಸಾಲಿನಲ್ಲಿ ಬಂದು ಒಬ್ಬೊಬ್ಬರ ಮುಖವನ್ನೂ ಮೂಸಿತು. ನಟರಾಜು ಕಣ್ಣು ಮುಚ್ಚಿ, “ಅಪ್ಪಾ, ಮುಂದಿನ ವರ್ಸ ಅರಕೆ ತೀರಿಸ್ತೀನಿ, ಈಗ ಮುಂದಕ್ಕೋಗು” ಎಂದು ಗೊಣಗಿದ.

ಆಗ ಪೊದೆ ಸೀಳಿಕೊಂಡು ವೀರಭದ್ರಸ್ವಾಮಿ ಬಂದರು. ತಲೆಯಲ್ಲಿ ಎಲೆ, ಮೈಯಲ್ಲಿ ಬೆವರು, ಎಡಗೈಯಲ್ಲಿ ಪ್ಯಾಂಟು.

“ಮೇಜರ್, ಬನ್ನಿ! ದಯವಿಟ್ಟು ಬನ್ನಿ!”

“ನೋಡ್ರಲಾ, ಬನ್ನಿ ಅಂತಾವ್ರೆ!” ಎಂದ ಒಬ್ಬ. “ನಾವಿನ್ನೂ ನಾಯೋ ದೇವ್ರೋ ಅಂತ ಅನುಮಾನ ಪಡ್ತಿದ್ರೆ, ಅವ್ರಿಗೆ ಆಗ್ಲೇ ಗೊತ್ತಾಗದೆ!”

“ಅಯ್ಯೋ, ಇದು ನ… ನಮ್ಮ ಬೀಗರ ಮನೆ ನಾಯಿ ಕಣ್ರಪ್ಪ!”

ನಂಜಯ್ಯ ಕೋಲೂರಿ ಎದ್ದು ನಿಂತ. “ಬೈರಪ್ಪ ಕಳ್ಸಿರೋ ವಾಹ್ನನ ನಿಮ್ಮದು ಅಂತೀರಲ್ಲ, ಕತ್ತಲ್ಲಿ ಒಂದು ಪಟ್ಟಿ ಅದಾ?”

“ಪಟ್ಟಿ ಕಲ್ಲಿನ ಹತ್ರ ಬಿಟ್ಟಿದೀನಿ.”

“ಒಂದು ಫೋಟೋನಾದ್ರೂ ಅದಾ?”

“ಫೋನೂ ಕಲ್ಲಿನ ಹತ್ರ. ಅಲ್ಲಿರೋ ಅಜ್ಜೀನ ಕೇಳಿ, ನಾನೇ ಕರ್ಕೊಂಡು ಬಂದಿದ್ದು ಅಂತ ಹೇಳ್ತಾಳೆ!”

ಗಂಟೆಯ ಸದ್ದಿಗೆ ಅಷ್ಟರಲ್ಲಿ ಚಿಕ್ಕಬೀರಮ್ಮನೂ ಹಿಂದೆಯೇ ಬಂದು ನಿಂತಿದ್ದಳು. ಜನ ಅವಳ ಮುಖ ನೋಡಿದರು. ಅವಳು ಸತ್ಯವನ್ನೇ ನುಡಿದಳು. “ಒಳೀಕ್ ಓಗುವಾಗ ನಾಯಿಯಾಗೇ ಓಯ್ತು, ಸುಳ್ಳ್ಯಾಕೆ ಏಳ್ಲಿ? ಈಚೀಕೆ ಬರುವಾಗ ಏನಾಗಿ ಬಂತೋ ನಂಗೆ ಗೊತ್ತಿಲ್ಲ. ನಡುವೆ ಇರೋದು ಬೈರಪ್ಪನ ಕಾಡು.”

ಇದಕ್ಕೆ ಮೇಲಿನ ಕೋರ್ಟಿನಲ್ಲೂ ಉತ್ತರವಿಲ್ಲ. ವೀರಭದ್ರಸ್ವಾಮಿ ಕೊನೆಯ ಪುರಾವೆಗೆ ಕೈಹಾಕಿದರು. ಮಾರಿ ಬಿಸ್ಕತ್ತು ತೋರಿಸಿ ತೋರಿಸಿ ಸುಂದ್ರಮ್ಮ ಆ ನಾಯಿಗೆ ಒಂದು ವಿದ್ಯೆ ಕಲಿಸಿದ್ದರು. ಮನೆಗೆ ಬಂದ ನೆಂಟರೆಲ್ಲ ಅದನ್ನು ನೋಡಿ, ಮೆಚ್ಚಿ, ಆಮೇಲೇ ಕಾಫಿ ಕುಡಿಯಬೇಕಿತ್ತು.

“ನಾನು ಹೇಳಿದ್ದು ಕೇಳುತ್ತೆ, ನೋಡ್ತಾ ಇರಿ” ಎಂದು ಅವರು ಮಂಡಿಯೂರಿ ಬಲಗೈ ಚಾಚಿದರು. “ಮೇಜರ್, ಕೈ ಕೊಡಿ.”

ತಂಬಿಟ್ಟಿನಿಂದ ತೃಪ್ತವಾಗಿದ್ದ ಮೇಜರ್ ಎದುರು ಕೂತು, ತಲೆ ಓರೆ ಮಾಡಿ, ತನ್ನ ಬಲಗಾಲನ್ನು ಎತ್ತಿ ಅವರ ಅಂಗೈ ಮೇಲೆ ಇಟ್ಟಿತು.

ಬಯಲು ಸಿಡಿಯಿತು.

“ಪಾದ ಕೊಟ್ಟ! ಬೈರಪ್ಪ ಪಾದ ಕೊಟ್ಟ!”

ತಮಟೆ ಮೊಳಗಿತು. ಗಂಟೆ ಹೊಡೆದುಕೊಂಡಿತು. ಊರಿನ ಗಂಡಸರ ಕೈಗಳೆಲ್ಲ ಬೆನ್ನ ಹಿಂದಿನಿಂದ ಒಮ್ಮೆಗೇ ಹೊರಬಂದು ಮುಗಿದವು. ಅಷ್ಟು ಹೃದಯ ತುಂಬಿದ ನಮಸ್ಕಾರವನ್ನು ಆ ದೇವರು ಹಿಂದೆಂದೂ ಪಡೆದಿರಲಿಕ್ಕಿಲ್ಲ. ನಟರಾಜು ಓಡಿಬಂದು ವೀರಭದ್ರಸ್ವಾಮಿಯ ಕಾಲನ್ನೇ ತಬ್ಬಿಕೊಂಡ. “ನಮ್ಮನ್ನ ಕಾಪಾಡಿದ್ರಿ ಬುದ್ದೀ!”

“ಏಳಪ್ಪ, ಏಳು! ಏನು ಮಾಡ್ತಾ ಇದೀರಿ? ನಾನು ಲಿಂಗ ಕಟ್ಟಿದವನು, ಹುಣಸೂರಿನವನು, ನನಗೆ ಪಾತ್ರೆ ಅಂಗಡಿ ಇದೆ!”

“ಬೈರಪ್ಪನೂ ಶಿವನೇ ತಾನೆ ಬುದ್ದಿ?” ಎಂದ ನಂಜಯ್ಯ. “ನಿಮ್ಮ ಎಸ್ರು?”

“ವೀರಭದ್ರಸ್ವಾಮಿ.”

ನಂಜಯ್ಯ ಜನರ ಕಡೆ ತಿರುಗಿದ. “ಎಸ್ರನ್ನೂ ಮೊದ್ಲೇ ಇಟ್ಟು ಕಳ್ಸವ್ನೆ!”

ಮತ್ತೆ ತಮಟೆ. ಅವರ ತಲೆಗೆ ಹಳದಿ ರುಮಾಲು ಬಿತ್ತು, ಸೊಂಟಕ್ಕೆ ಹಳದಿ ಪಂಚೆ ಬಿಗಿಯಿತು. ಇದರಿಂದ ಎಡಗೈಗೆ ಬಿಡುವು ಸಿಕ್ಕಿತೆಂಬುದೊಂದೇ ಅವರಿಗಾದ ಲಾಭ. ಆ ಎಡಗೈಗೂ ಕೂಡಲೇ ಒಂದು ಗಂಟೆ ಕೊಟ್ಟರು. ಕರಿಯ ಕಂಬಳಿ ಹಾಸಿ ಗದ್ದುಗೆ ಮಾಡಿ ಮೇಜರನ್ನು ಕೂರಿಸಿದರು. ಹಣೆಗೆ ವಿಭೂತಿ ಮೂರು ಗೆರೆ. ಮೇಜರ್ ವಿಭೂತಿಗೂ ಒಪ್ಪಿತು; ಇನ್ನೊಂದು ತಟ್ಟೆ ತಂಬಿಟ್ಟು ಬಂದಿತ್ತು.

“ಸ್ವಾಮಿ, ಇದು ಎಲ್ಲರಿಗೂ ಕೈ ಕೊಡುತ್ತೆ!” ವೀರಭದ್ರಸ್ವಾಮಿ ಗಂಟೆ ಆಡಿಸುತ್ತಲೇ ಕೂಗಿದರು. “ಬೇಕಾದ್ರೆ ಯಾರಾದ್ರೂ ಒಬ್ರು ಕೈ ಚಾಚಿ ನೋಡಿ! ಒಬ್ರೇ ಒಬ್ರು!”

ಹೊರಬಂದಿದ್ದ ಕೈಗಳೆಲ್ಲ ಮತ್ತೆ ಮಾಯವಾದವು.

“ನೀನು ಚಾಚಪ್ಪ” ಎಂದು ಅವರು ನಟರಾಜುವನ್ನು ಬೇಡಿದರು.

“ಬ್ಯಾರನ್‌ಗೆ ಸೌದೆ ಆಕ್ಬೇಕು ಬುದ್ದಿ” ಎಂದ ನಟರಾಜು, ಎಂದವನು ಅಲ್ಲಿರಲಿಲ್ಲ.

ಇಳಿಹೊತ್ತಿಗೆ ಚಿಕ್ಕಬೀರಮ್ಮ ಚಪ್ಪಲಿ ಕಾಯಲು ಕಲ್ಲಿಗೆ ಮರಳಿದಾಗ ಚರ್ಮದ ಚೀಲದೊಳಗೆ ಫೋನು ಬಡಿದುಕೊಳ್ಳುತ್ತಿತ್ತು. ಅವಳು ಎತ್ತಿದಳು.

“ಅಪ್ಪ! ಎಲ್ಲಿದೀಯಾ? ನಾವು ಬಂದು ಎಷ್ಟು ಹೊತ್ತಾಯ್ತು! ಅತ್ತೆ ಅಂಗಡೀಲಿ ಕೂತಿದಾರೆ!”

“ಯಾರವ್ವ? ಮಗಳಾ? ನಿಮ್ಮಪ್ಪ ನಮ್ಮ ಮರಿಬೈರನಕೊಪ್ಪಲ ಗುಡ್ಡಪ್ಪ ಆಗವ್ರೆ ಕಣವ್ವ.”

“ಏನಾಗಿದಾರೆ?”

“ಗುಡ್ಡಪ್ಪ. ನಿಮ್ಮ ನಾಯಿ ದೇವರಾಗದೆ. ಇಬ್ರೂ ಉಂಡವ್ರೆ, ಚೆಂದಾಗವ್ರೆ. ಪರ ಆದ್ಮೇಲೆ ಬತ್ತಾರೆ.”

ಕಾರು ಹುಣಸೂರಿನಿಂದ ಮರಿಬೈರನಕೊಪ್ಪಲಿಗೆ ಹೇಗೆ ಬಂತೋ ಚೈತ್ರಳಿಗೇ ಗೊತ್ತು, ಓಡಿಸಿದವಳು ಅವಳು. ಪಕ್ಕದಲ್ಲಿ ಸುಂದ್ರಮ್ಮ, ಹಿಂದೆ ಶಿವನಂಜಮ್ಮ; ಉಳಿದವರು ಅಂಗಡಿಯಲ್ಲೇ. ಎಲ್ಲೆಕಲ್ಲಿನ ಬಳಿ ಸುಂದ್ರಮ್ಮನ ಕೈಚೀಲ, ಚಪ್ಪಲಿ ಎರಡನ್ನೂ ಚಿಕ್ಕಬೀರಮ್ಮ ಇಳಿಸಿಕೊಂಡಳು. ಅಲ್ಲೇ ಬಿದ್ದಿದ್ದ ಮೇಜರ್‌ನ ಕೊರಳಪಟ್ಟಿ ಕಂಡು ಸುಂದ್ರಮ್ಮನ ಬಾಯಿಂದ ಒಂದು ಚೀತ್ಕಾರ ಹೊರಟಿತು. ಬರಿಗಾಲಲ್ಲಿ ಕಾಡು ದಾಟಿ ಅವರು ಬಯಲಿಗೆ ನುಗ್ಗಿದ ವೇಗಕ್ಕೆ ದಾರಿಯ ತರಗೆಲೆಗಳು ಎರಡು ಕಡೆಗೂ ಸರಿದುಕೊಂಡವು.

“ಬೀಗ್ರೇ! ನನ್ನ ಮೇಜರ್ ಎಲ್ಲಿ?”

ಹಳದಿ ರುಮಾಲಿನ ವೀರಭದ್ರಸ್ವಾಮಿ ಮಂಗಳಾರತಿ ತಟ್ಟೆ ಹಿಡಿದು ತಿರುಗಿದರು. ಮಗಳ ಮುಖ ಕಂಡಿತು. ಚೈತ್ರ ಬಾಯಿಗೆ ದುಪಟ್ಟಾ ಅಡ್ಡ ಹಿಡಿದಳು.

ಶಿವನಂಜಮ್ಮ ಗಂಡನನ್ನು ಸುತ್ತಲೂ ಬಂದು ನೋಡಿದರು. ಪಕ್ಕದಲ್ಲಿದ್ದ ಹೆಂಗಸನ್ನು ವಿಚಾರಿಸಿದರು. “ಒಪ್ಪೊತ್ತು ಊಟನಾ? ಹೋಟೆಲ್ ತಿಂಡಿ ಇಲ್ವಾ? ಬರಿಗಾಲಲ್ಲಿ ನಡೀಬೇಕಾ?” ಮುಖ ಅರಳಿತು. “ಡಾಕ್ಟ್ರೂ ಇದನ್ನೇ ಹೇಳಿದ್ದು.”

ಸುಂದ್ರಮ್ಮ ಆರ್ಭಟಕ್ಕೆ ಬಾಯಿ ತೆರೆಯುವಷ್ಟರಲ್ಲಿ ಊರ ಹೆಂಗಸರು ಬಂದು ಅವರ ಕಾಲಿಗೆ ಬಿದ್ದಿದ್ದರು. “ಬೈರಪ್ಪನ್ನ ಸಾಕಿದ ತಾಯಿ ಬಂದ್ಲು!” ಪಾದಕ್ಕೆ ನೀರು ಬಂತು. ಕೆನ್ನೆಗೆ ಅರಿಶಿನ ಬಂತು. ಮುಡಿಗೆ ಮೊಳಗಟ್ಟಲೆ ಹೂವು ಬಂತು. ಗದ್ದುಗೆಯ ಪಕ್ಕ ಇನ್ನೊಂದು ಕಂಬಳಿ ಹಾಸಿ ಅವರನ್ನು ಕೂರಿಸಿದರು. ಒಬ್ಬಳು ತನ್ನ ಮಗುವನ್ನು ತಂದು ಅವರ ಮಡಿಲಿಗೆ ಹಾಕಿ, “ಅರಸವ್ವಾ” ಅಂದಳು. ಸುಂದ್ರಮ್ಮ ಹರಸಿದರು. ಆರ್ಭಟ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಮೇಜರ್ ವಿಭೂತಿ ಹಣೆಯನ್ನು ಅವರ ತೊಡೆಗೆ ಒರಗಿಸಿತು. ಜನ ಇನ್ನೊಮ್ಮೆ ಅಡ್ಡಬಿದ್ದರು.

“ಅತ್ತೆ, ಆಶೀರ್ವಾದ ಎಲ್ಲ ಆಮೇಲೆ, ಮೊದಲು ಅಪ್ಪನ್ನ ಬಿಡಿಸಿ” ಎಂದಳು ಚೈತ್ರ ಮೆಲ್ಲಗೆ.

ನಂಜಯ್ಯ ಕೋಲೂರಿ ಮುಂದೆ ಬಂದ. ಊರಿನ ಯಜಮಾನ, ನ್ಯಾಯ ತಪ್ಪುವವನಲ್ಲ.

“ಅವ್ವಾ, ನ್ಯಾಯ ಅಂದ್ರೆ ನ್ಯಾಯ. ಗುಡ್ಡಪ್ಪನೋರು ಮಧ್ಯಾನ್ನದಿಂದ ಒಂದೇ ಸಮ ಏಳ್ತಾವ್ರೆ, ಪಾದ ಕೊಡೋದು ಮನೇಲಿ ಕಲ್ಸಿರೋ ಆಟ ಅಂತ. ನಾವು ಕಂಡಿಲ್ಲ. ಸಾಕ್ದೋರು ನೀವು. ನಾನೇ ಕಲ್ಸಿದ್ದು ಅಂತ ನಿಮ್ಮ ಬಾಯಿಂದ ಒಂದು ಮಾತು ಬಂದ್ರೆ ಇವ್ರ್ನ ಈಗಿಂದೀಗ್ಲೇ ಬುಟ್ಟುಬುಡ್ತೀವಿ. ಇಲ್ಲ, ದೇವ್ರೇ ಕೊಡ್ಸಿದ್ದು ಅಂದ್ರೆ, ಗುಡ್ಡಪ್ಪ ಇಲ್ಲೇ ನಿಲ್ತಾರೆ.”

“ಆಗ ನನ್ನ ಮೇಜರ್?” ಎಂದರು ಸುಂದ್ರಮ್ಮ.

“ದೇವ್ರ ವಾಹ್ನನ ಕಟ್ಟಾಕಂಗಿಲ್ಲವ್ವ. ಅವ್ರು ನಿಮ್ಮನೇಲೇ ಇರ್ಲಿ. ವರ್ಸ ವರ್ಸ ಪರಕ್ಕೆ ನಾವೇ ಕೆ.ಆರ್. ನಗರಕ್ಕೆ ತಮಟೆ ತಕ್ಕೊಂಡು ಬಂದು, ಬೀದಿ ತುಂಬ ಮೆರವಣಿಗೆ ಮಾಡಿ ನಿಮ್ಮಿಬ್ರನ್ನೂ ಕರ್ಕೊಂಡು ಬತ್ತೀವಿ.”

ಗಂಡಸರ ಸಾಲು ಉಸಿರು ಹಿಡಿದು ಸುಂದ್ರಮ್ಮನ ತುಟಿಗಳನ್ನೇ ನೋಡುತ್ತಿತ್ತು. ಬ್ಯಾರನ್ನಿನಿಂದ ಹಿಂದಿರುಗಿದ್ದ ನಟರಾಜು ಮರದ ಮರೆಯಲ್ಲಿ ನಿಂತು ಮನೆದೇವರನ್ನೆಲ್ಲ ನೆನೆಯುತ್ತಿದ್ದ.

ವೀರಭದ್ರಸ್ವಾಮಿಗೆ ಜೀವ ಬಂತು. ಮಂಗಳಾರತಿ ತಟ್ಟೆಯ ಸಮೇತ ಬೀಗಿತ್ತಿಯ ಮುಂದೆ ಬಂದು ನಿಂತರು. “ಹೇಳಿ ಬೀಗ್ರೇ! ಮಾರಿ ಬಿಸ್ಕತ್ತು ತೋರಿಸಿ ನೀವೇ ಕಲಿಸಿದ್ದು ಅಂತ ಹೇಳಿ! ನೆಂಟರಿಗೆಲ್ಲ ತೋರಿಸ್ತಿದ್ರಲ್ಲ!”

ಸುಂದ್ರಮ್ಮ ಆರತಿಯ ಬೆಳಕಲ್ಲಿ ಅವರನ್ನು ನೋಡಿದರು. ರುಮಾಲು ನೋಡಿದರು. ಬಯಲು ತುಂಬ ಮುಗಿದು ನಿಂತ ಕೈಗಳನ್ನು ನೋಡಿದರು.

“‘ಹೇಳಿ ಬೀಗ್ರೇ’ ಅನ್ನಬೇಡಿ ನನಗೆ” ಎಂದರು ಬಹಳ ನಯವಾದ ದನಿಯಲ್ಲಿ. “ಚೈತ್ರ, ನೋಡು ನಿಮ್ಮಪ್ಪನ್ನ. ಇಷ್ಟು ದಿನ ನಾನು ಏನೇನೋ ಅಂದುಬಿಟ್ಟೆ. ಸಾವಿರ ವರ್ಷದ ಕಾಡು ಅಂದ್ರು, ಇದೆ. ಮೇಜರ್‌ನ ನಡೆಸ್ತೀನಿ ಅಂದ್ರು, ನಡೆಸಿದಾರೆ. ನಮ್ಮ ಕಡೆ ಯಾರ ಬೀಗರಿಗೆ ಇಂಥ ಪದವಿ ಬಂದಿದೆ ಹೇಳು?”

ಮದುವೆಯಾದಂದಿನಿಂದ ಕೇಳಬೇಕೆಂದಿದ್ದ ಮಾತು ಚೈತ್ರಳ ಕಿವಿಗೆ ಬಿದ್ದಿತ್ತು. ಅವಳು ಅಪ್ಪನ ಮುಖ ನೋಡಲಾರದೆ ಮರ ನೋಡಿದಳು.

“ಪದವಿ ಬೇಡ ಬೀಗ್ರೇ, ನನಗೆ ಮನೆ ಬೇಕು! ಅಂಗಡಿ ಬೇಕು! ಒಂದು ಮಸಾಲೆದೋಸೆ ಬೇಕು! ನಿಮ್ಮ ದಮ್ಮಯ್ಯ, ಒಂದೇ ಒಂದು ಮಾತು, ನಾನೇ ಕಲಿಸಿದ್ದು ಅಂತ ಹೇಳಿಬಿಡಿ!”

ಸುಂದ್ರಮ್ಮ ಮುಡಿಯ ಹೂವನ್ನು ಸರಿಮಾಡಿಕೊಂಡು, ಆರತಿಗೆ ಕೈ ಚಾಚಿ ಕಣ್ಣಿಗೊತ್ತಿಕೊಂಡರು.

“ಹೇಳಲ್ಲ” ಎಂದರು.